ಸೆಳವಿನಲ್ಲಿ ಮಲಗಿದವನು

"ಗುರುಗಳೇ, ಹಿಡಿದ ವ್ರತವನ್ನು ನಡುವೆ ನಿಲ್ಲಿಸಿದವನ ಸಂಕಲ್ಪಕ್ಕೆ ಬೆಲೆಯುಂಟೇ?" ಎಂದು ಶಿಷ್ಯ ಕೇಳಿದ.

ನಲವತ್ತೆಂಟು ದಿನ, ದಿನಕ್ಕೊಂದು ಜಾವ ಕದಲದೆ ಕೂರುತ್ತೇನೆಂದು ಅವನು ಪಣ ತೊಟ್ಟಿದ್ದ. ಮೂವತ್ತೊಂದನೆಯ ದಿನ ಮಂಡಿ ಬಾತಿತು, ಜ್ವರ ಬಂತು. ಜ್ವರದಲ್ಲೂ ಎರಡು ದಿನ ಕೂತ. ಮೂರನೆಯ ದಿನ ಗುರುಗಳೇ ಬಂದು ಚಾಪೆ ಬಿಡಿಸಿ, ಮಲಗು ಎಂದರು. ಅವರ ಮಾತು ಮೀರಲಾರದೆ ಮಲಗಿದ್ದ. ಮನಸ್ಸು ಮಾತ್ರ ಒಪ್ಪಿರಲಿಲ್ಲ.

ಗುರುಗಳು ಅವನ ಹಣೆ ಮುಟ್ಟಿ ನೋಡಿದರು. ಪಕ್ಕದಲ್ಲಿ ಕೂತು ಈ ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಬ್ಬ ನೇಕಾರನಿದ್ದ. ಹನ್ನೆರಡು ವರ್ಷ ಒಂದೇ ಮಗ್ಗದ ಮುಂದೆ ಕೂತು ಸೀರೆ ನೇಯ್ದವನು. ಕೆಲಸದಲ್ಲಿ ಅವನನ್ನು ಮೀರಿಸುವವರು ಆ ಓಣಿಯಲ್ಲಿರಲಿಲ್ಲ. ಸುಮ್ಮನೆ ಕೂರುವುದೊಂದು ಅವನಿಗೆ ಬರುತ್ತಿರಲಿಲ್ಲ. ಊಟಕ್ಕೆ ಕೂತರೂ ಕಾಲು ತುಳಿಯುತ್ತಿತ್ತು. ನಿದ್ದೆಯಲ್ಲೂ ಕೈ ಲಾಳಿ ಎಸೆಯುತ್ತಿತ್ತು. ಒಂದು ವರ್ಷದಿಂದ ಕೆಮ್ಮು ಹತ್ತಿತ್ತು. ಔಷಧಿ ಕೊಟ್ಟ ವೈದ್ಯರು, "ಇದು ಔಷಧಿಯೊಂದರಿಂದ ಹೋಗುವುದಿಲ್ಲ, ಮೈಗೆ ಬಿಡುವು ಕೊಡು" ಎಂದಿದ್ದರು. ಅವನು ತಲೆಯಾಡಿಸಿ ಮನೆಗೆ ಬಂದು ಮತ್ತೆ ಮಗ್ಗಕ್ಕೆ ಕೂತಿದ್ದ.

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಮಗ್ಗದ ಮನೆಯ ಮಾಡು ದುರಸ್ತಿಗೆ ಬಂತು. ಇಪ್ಪತ್ತು ದಿನ ಕೆಲಸವಿಲ್ಲ. ಆಗ ಅವನ ಹೆಂಡತಿ ಹೇಳಿದಳು: "ಹುಟ್ಟಿದಾಗಿನಿಂದ ನೀವು ಸಮುದ್ರ ಕಂಡಿಲ್ಲ. ಹೋಗಿ ನಾಲ್ಕು ದಿನ ದಂಡೆಯ ಮೇಲೆ ಸುಮ್ಮನೆ ಕೂತು ಬನ್ನಿ."

ಜೊತೆಯ ನೇಕಾರರು ಇದನ್ನು ಕೇಳಿ ನಕ್ಕರು. ಸಮುದ್ರದ ದಂಡೆಯಲ್ಲಿ ಕಾಲು ಚಾಚಿ ಕೂರುವುದು ಉಳ್ಳವರ ಕೆಲಸ, ನಮ್ಮಂಥವರು ಅಲ್ಲಿ ಒಂದು ರಾತ್ರಿ ತಂಗಿದರೆ ತಿಂಗಳ ಗಳಿಕೆ ಕರಗುತ್ತದೆ ಎಂದರು. ಆ ನಗು ಅವನಿಗೆ ನಾಟಿತು. ಎಲ್ಲರ ಎದುರಿಗೆ ಅವನು ಒಂದು ಮಾತು ಆಡಿಬಿಟ್ಟ. ಕರಾವಳಿಯ ಬಡಗಣ ತುದಿಯಿಂದ ತೆಂಕಣ ತುದಿಯವರೆಗೆ ನಡೆದೇ ಹೋಗುತ್ತೇನೆ. ತಂಗುವುದಕ್ಕೆ ಕಾಸು ಕೊಡುವುದಿಲ್ಲ. ಒಂದು ಊರಿನಲ್ಲಿ ಒಂದೇ ರಾತ್ರಿ. ಇಪ್ಪತ್ತು ದಿನದೊಳಗೆ ಮುಗಿಸಿ ಬರುತ್ತೇನೆ.

ಹೆಂಡತಿ ಹೇಳಿದ್ದು ಕೂರುವುದಕ್ಕೆ. ಅವನು ಹೊರಟದ್ದು ಗೆಲ್ಲುವುದಕ್ಕೆ.

ಬೆನ್ನಿಗೆ ಒಂದು ಚೀಲ ಹಾಕಿಕೊಂಡ. ಚೀಲದಲ್ಲಿ ಒಂದು ಚಾದರ, ಎರಡು ಜೊತೆ ಬಟ್ಟೆ, ಒಂದು ತಂಬಿಗೆ, ಹದಿನೈದು ದಿನ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಪುಡಿ. ಗುಡಿಯ ಜಗಲಿಯಲ್ಲಿ, ಶಾಲೆಯ ಪಡಸಾಲೆಯಲ್ಲಿ, ಒಮ್ಮೆ ಬಸ್ಸು ನಿಲ್ಲುವ ತಂಗುದಾಣದಲ್ಲಿ ಮಲಗಿದ. ನದಿ ಸಮುದ್ರಕ್ಕೆ ಸೇರುವಲ್ಲಿ ದೋಣಿಯಲ್ಲಿ ದಾಟಿದ. ಉಳಿದದ್ದೆಲ್ಲ ನಡಿಗೆ. ಸಮುದ್ರ ಇಡೀ ದಿನ ಅವನ ಬಲಕ್ಕೇ ಇತ್ತು. ಅವನ ಕಣ್ಣು ಮಾತ್ರ ಮುಂದಿನ ಊರಿನ ಮೇಲಿತ್ತು. ಸಂಜೆ ಕೂತು, ಇವತ್ತು ಎಷ್ಟು ದೂರ ಬಂದೆ, ನಾಳೆ ಎಷ್ಟು ಹೋಗಬೇಕು ಎಂದು ಲೆಕ್ಕ ಹಾಕುತ್ತಿದ್ದ. ಐದನೆಯ ದಿನ ಅಂಗಾಲಲ್ಲಿ ಬೊಬ್ಬೆ ಎದ್ದಿತು. ಬಟ್ಟೆ ಸುತ್ತಿಕೊಂಡು ನಡೆದ. ಏಳನೆಯ ದಿನ ಕೆಮ್ಮು ಜೋರಾಯಿತು. ಕೆಮ್ಮುತ್ತಲೇ ನಡೆದ.

ಒಂಬತ್ತನೆಯ ದಿನ ಒಂದು ಗುಡ್ಡ ಹತ್ತಿ ಇಳಿದ. ಕೆಳಗೆ ಸಣ್ಣದೊಂದು ಕಡಲತೀರ. ಎರಡೂ ಕಡೆ ಬಂಡೆಗಳು. ಅಲ್ಲಿಗೆ ಗಾಡಿ ಬರುವ ದಾರಿಯಿಲ್ಲ, ಅಂಗಡಿಯಿಲ್ಲ, ಜನರಿಲ್ಲ. ದಂಡೆಯ ಮೇಲೆ ನಾಲ್ಕು ಹೊನ್ನೆ ಮರಗಳು, ಗುಡ್ಡದ ಬುಡದಲ್ಲಿ ಸಿಹಿನೀರಿನ ಒರತೆ, ಒಂದು ಗುಡಿಸಲು. ನೀರು ಇಳಿದಿದ್ದರಿಂದ ಬಂಡೆಗಳ ಮೇಲೆ ಒಬ್ಬ ಮುದುಕಿ ಬಗ್ಗಿ ಕೂತು ಚಿಪ್ಪಿ ಕೀಳುತ್ತಿದ್ದಳು.

ನೇಕಾರನಿಗೆ ಆ ಜಾಗ ಹಿಡಿಸಿತು. ಇಲ್ಲಿ ಮಧ್ಯಾಹ್ನದವರೆಗೆ ವಿಶ್ರಮಿಸುತ್ತೇನೆ, ಆಮೇಲೆ ಹೊರಡುತ್ತೇನೆ ಎಂದು ನಿಶ್ಚಯಿಸಿದ. ಅಂಗಿ ಒಗೆದು ಕಲ್ಲಿನ ಮೇಲೆ ಹರವಿದ. ಚೀಲವನ್ನು ತಲೆಗಿಟ್ಟು ಮರದ ನೆರಳಲ್ಲಿ ಮಲಗಿದ. ಕಣ್ಣು ಮುಚ್ಚಿದರೆ ಕಾಲು ನಡೆಯುತ್ತಿತ್ತು. ತೆರೆದರೆ ಹೊತ್ತು ಹೋಗುತ್ತಿತ್ತು. ಎರಡು ಸಲ ಮಗ್ಗುಲು ಬದಲಿಸಿದ. ಮೂರನೆಯ ಸಲ ಎದ್ದು ಕೂತ.

ದಂಡೆಯಿಂದ ಆಚೆ ನೀರಿನಲ್ಲಿ ಒಂದು ಕರಿಬಂಡೆ ಕಾಣುತ್ತಿತ್ತು. ಅದನ್ನು ಮುಟ್ಟಿ ಬರುತ್ತೇನೆ, ಸುಮ್ಮನೆ ಬಿದ್ದಿರುವುದಕ್ಕಿಂತ ಅದೇ ಮೇಲು ಎಂದುಕೊಂಡ. ಎಡಕ್ಕೂ ಬಲಕ್ಕೂ ಅಲೆಗಳು ನೊರೆಯೆದ್ದು ಒಡೆಯುತ್ತಿದ್ದವು. ನಡುವೆ ಒಂದು ಓಣಿಯಷ್ಟಗಲ ನೀರು ಅಲೆಯಿಲ್ಲದೆ ಶಾಂತವಾಗಿತ್ತು. ಅಲ್ಲಿಗೇ ನಡೆದ.

ಮುದುಕಿ ಬಂಡೆಯ ಮೇಲಿಂದ ಕೂಗಿದಳು: "ಅಲ್ಲಿ ಇಳಿಯಬೇಡ ತಮ್ಮಾ! ಅಲೆ ಒಡೆಯದ ಜಾಗ ಅದು. ಅಲ್ಲಿ ನೀರು ಹೊರಗೆ ಎಳೆಯುತ್ತದೆ."

"ನಾನು ತುಂಬಿದ ಹೊಳೆ ಈಜಿದವನು ಅವ್ವಾ" ಎಂದ ನೇಕಾರ. "ಹೊರಟ ಮೇಲೆ ಹಿಂದೆ ನೋಡುವವನಲ್ಲ."

ಅವನು ಇಳಿದ. ಮೊದಲು ಸುಖವಾಗಿತ್ತು. ಕೈ ಬೀಸಿದ್ದಕ್ಕಿಂತ ಹೆಚ್ಚು ದೂರ ಮೈ ಹೋಗುತ್ತಿತ್ತು. ಇದೇನು, ಸಮುದ್ರ ಹೊಳೆಗಿಂತ ಸುಲಭವಾಗಿದೆಯಲ್ಲ ಎಂದುಕೊಂಡ. ಕರಿಬಂಡೆ ಎಡಕ್ಕೆ ಬಂತು. ಅದರ ಕಡೆ ತಿರುಗುವಷ್ಟರಲ್ಲಿ ಹಿಂದಾಯಿತು. ಆಗ ಅವನು ದಂಡೆಯ ಕಡೆ ನೋಡಿದ. ಹೊನ್ನೆ ಮರಗಳು ಗಿಡಗಳಂತೆ ಕಂಡವು.

ಅವನು ದಂಡೆಗೆ ಮುಖ ಮಾಡಿ ಈಜತೊಡಗಿದ. ಇದ್ದ ಬಲವನ್ನೆಲ್ಲ ಹಾಕಿದ. ನೂರು ಸಲ ಕೈ ಬೀಸಿ ತಲೆಯೆತ್ತಿದರೆ ದಂಡೆ ಇನ್ನಷ್ಟು ದೂರ ಸರಿದಿತ್ತು. ಹಲ್ಲು ಕಚ್ಚಿ ಮತ್ತೆ ಬೀಸಿದ. ಹನ್ನೆರಡು ವರ್ಷ ಅವನು ಕಷ್ಟವನ್ನು ಗೆದ್ದದ್ದು ಹೀಗೇ. ಬಾರದಿದ್ದರೆ ಇನ್ನೂ ಜೋರಾಗಿ ಎಳೆ. ಅವನಿಗೆ ಗೊತ್ತಿದ್ದ ದಾರಿ ಅದೊಂದೇ. ನೀರು ಬಾಯಿಗೆ ಹೋಯಿತು. ಕೆಮ್ಮು ಬಂತು, ಕೆಮ್ಮಿದಾಗ ಮತ್ತಷ್ಟು ನೀರು ಹೋಯಿತು. ತೋಳು ಕಲ್ಲಿನಂತೆ ಭಾರವಾಯಿತು. ಇನ್ನು ಹತ್ತು ಸಲ ಬೀಸಬಲ್ಲೆ, ಅದರ ಮೇಲೆ ಆಗದು ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು.

ಒಂದು ಅಲೆ ಅವನನ್ನು ಎತ್ತಿದಾಗ ಮುದುಕಿ ಕಂಡಳು. ಎಲ್ಲಕ್ಕಿಂತ ಎತ್ತರದ ಬಂಡೆ ಹತ್ತಿ ನಿಂತು ಏನೋ ಕೂಗುತ್ತಿದ್ದಳು. ಗಾಳಿ ಎದುರಾಗಿತ್ತು, ಒಂದಕ್ಷರವೂ ಕೇಳಲಿಲ್ಲ. ಮುಂದಿನ ಅಲೆ ಎತ್ತಿದಾಗ ನೋಡಿದರೆ ಅವಳು ನಿಂತಿರಲಿಲ್ಲ. ಬಂಡೆಯ ಮೇಲೆ ಅಂಗಾತ ಮಲಗಿದ್ದಳು. ಕೈಗಳೆರಡನ್ನೂ ಅಗಲಕ್ಕೆ ಚಾಚಿದ್ದಳು.

ಮುದುಕಿ ಜಾರಿಬಿದ್ದಳು ಎಂದುಕೊಂಡ. ಅವಳು ಎದ್ದಳು, ಅವನ ಕಡೆ ಕೈ ತೋರಿಸಿದಳು, ಮತ್ತೆ ಹಾಗೇ ಮಲಗಿದಳು. ಮತ್ತೆ ಎದ್ದಳು, ಮತ್ತೆ ಮಲಗಿದಳು.

ಆಗ ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಒಪ್ಪಿಗೆಯಾಗಲಿಲ್ಲ. ಸಾವು ಕಾಲು ಹಿಡಿದು ಎಳೆಯುತ್ತಿರುವಾಗ ಮಲಗುವುದೇ? ಅವನ ಒಂದೊಂದು ನರವೂ ಬೀಸು, ಒದೆ, ಬಿಡಬೇಡ ಎಂದು ಕೂಗುತ್ತಿತ್ತು. ಆದರೂ ಅವನು ಉಸಿರೆಳೆದುಕೊಂಡು ತಲೆಯನ್ನು ಹಿಂದಕ್ಕೆ ಚೆಲ್ಲಿದ. ಕೈ ಚಾಚಿದ. ಮೈ ಬಿಟ್ಟ.

ನೀರು ಕಿವಿ ತುಂಬಿತು. ಲೋಕದ ಸದ್ದೆಲ್ಲ ನಿಂತು ತನ್ನ ಉಸಿರೊಂದೇ ಕೇಳಿಸಿತು. ಮೈ ತೇಲಿತು. ಮುಖದ ಮೇಲೆ ಒಂದು ಅಲೆ ಹಾದುಹೋಯಿತು. ಗಾಬರಿಯಲ್ಲಿ ಕಾಲು ಒದೆಯಹೊರಟಿತು. ಅವನು ಕಾಲನ್ನು ತಡೆದ. ಕೈ ಬೀಸಹೊರಟಿತು. ಕೈಯನ್ನು ತಡೆದ. ಸೆಳವು ಅವನನ್ನು ಇನ್ನೂ ಆಚೆಗೆ ಒಯ್ಯುತ್ತಿತ್ತು, ಅದು ಅವನಿಗೆ ತಿಳಿಯುತ್ತಿತ್ತು. ದಂಡೆ ಎಲ್ಲಿದೆ ಎಂದು ತಲೆಯೆತ್ತಿ ನೋಡುವ ಆಸೆ ಹುಟ್ಟಿತು. ಆ ಆಸೆಯನ್ನೂ ತಡೆದ. ಸುಮ್ಮನಿರುವುದಕ್ಕೆ ಇಷ್ಟು ಬಲ ಬೇಕೆಂದು ಅವನು ಎಂದೂ ತಿಳಿದಿರಲಿಲ್ಲ. ಹನ್ನೆರಡು ವರ್ಷದ ದುಡಿಮೆಯಲ್ಲಿ ಒಂದು ದಿನವೂ ಅಷ್ಟು ಬಲ ಹಾಕಿರಲಿಲ್ಲ.

ಬಹಳ ಹೊತ್ತಿನ ಮೇಲೆ ಎಳೆತ ಸಡಿಲವಾಯಿತು. ಹಿಡಿದ ಕೈಯನ್ನು ಯಾರೋ ಬಿಟ್ಟಂತೆ. ನೀರು ಅವನನ್ನು ಮೇಲೆ ಕೆಳಗೆ ಆಡಿಸುತ್ತಿತ್ತು, ಎಲ್ಲಿಗೂ ಒಯ್ಯುತ್ತಿರಲಿಲ್ಲ. ತೋಳಿನಲ್ಲಿ ಮತ್ತೆ ಜೀವ ಬಂದಿತ್ತು. ತಲೆಯೆತ್ತಿದ. ಮುದುಕಿ ಬಂಡೆಯಿಂದಿಳಿದು ತೀರದ ಬಡಗಣ ಮೂಲೆಗೆ ಓಡುತ್ತಿದ್ದಳು. ಅಲ್ಲಿ ಅಲೆಗಳು ಒಡೆಯುತ್ತಿದ್ದವು. ಅಲ್ಲಿ ನಿಂತು, ತಲೆಯ ಮೇಲಿನ ಬಟ್ಟೆ ತೆಗೆದು ಬೀಸಿದಳು.

ಅವನು ದಂಡೆಗೆ ನೇರ ಈಜಲಿಲ್ಲ. ದಂಡೆಯ ಗುಂಟ ಬಡಗಣಕ್ಕೆ ಹೊರಟ. ಇಪ್ಪತ್ತು ಸಲ ಬೀಸಿ ಮಲಗಿದ. ಮತ್ತೆ ಇಪ್ಪತ್ತು ಸಲ ಬೀಸಿ ಮಲಗಿದ. ಅವಸರವಾದಾಗಲೆಲ್ಲ ಇನ್ನಷ್ಟು ಹೊತ್ತು ಮಲಗಿದ. ಕೊನೆಗೆ ಅಲೆಯೊಂದು ಅವನನ್ನು ಎತ್ತಿ ದಂಡೆಯ ಕಡೆ ತಳ್ಳಿತು. ಇನ್ನೊಂದು ತಳ್ಳಿತು. ಮೂರನೆಯದು ಮರಳಿಗೆ ಹಾಕಿತು. ಮುದುಕಿ ತೋಳು ಹಿಡಿದು ಒಣ ಮರಳಿಗೆ ಎಳೆದಳು. ಅವಳ ಮೊಣಕೈ ಬಂಡೆಗೆ ತರಚಿ ರಕ್ತ ಬಂದಿತ್ತು.

ಅವನಿಗೆ ಕೈಮುಗಿಯಬೇಕೆನ್ನಿಸಿತು. ಕೈ ಏಳಲಿಲ್ಲ. ಅವಳು ಏನೂ ಬೈಯಲಿಲ್ಲ. ಅವನನ್ನು ಪಕ್ಕಕ್ಕೆ ಹೊರಳಿಸಿ, ಕುಡಿದ ನೀರನ್ನು ಕಕ್ಕಿಸಿದಳು. ನಂತರ ಚೆಲ್ಲಿಹೋಗಿದ್ದ ಚಿಪ್ಪಿಗಳನ್ನು ಬುಟ್ಟಿಗೆ ತುಂಬಿಕೊಳ್ಳಲು ಹೋದಳು.

ನೇಕಾರ ಅವತ್ತು ಮಧ್ಯಾಹ್ನ ಹೊರಡಲಿಲ್ಲ. ಮರುದಿನವೂ ಹೊರಡಲಿಲ್ಲ. ಮೈಯಲ್ಲಿ ಬಲ ಬಂದ ಮೇಲೂ ಹೊರಡಲಿಲ್ಲ. ನೀರಿನ ಮೇಲೆ ಕಲಿತದ್ದನ್ನು ನೆಲದ ಮೇಲೂ ಕಲಿತೇ ತೀರುತ್ತೇನೆಂದು ಹಟ ತೊಟ್ಟ. ಬೆಳಗ್ಗೆ ಮರದ ಕೆಳಗೆ ಚಾದರ ಹಾಸಿ, ಇವತ್ತು ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಕೊಂಡು ಕೂರುತ್ತಿದ್ದ. ಮೊದಲ ದಿನ ಹತ್ತು ಸಲ ಏಳಬೇಕೆನ್ನಿಸಿತು. ಹತ್ತು ಸಲವೂ ಏಳಲಿಲ್ಲ. ಎರಡನೆಯ ದಿನ ಇನ್ನೂ ಕಷ್ಟವಾಯಿತು. ತೆಂಕಣ ತುದಿ ಮುಟ್ಟುವ ದಿನ ಕೈತಪ್ಪಿತೆಂದು ಮನಸ್ಸು ಲೆಕ್ಕ ಹೇಳಿತು. ಕೇಳಿಸಿಕೊಂಡ, ಏಳಲಿಲ್ಲ. ಮೂರನೆಯ ದಿನ ನೀರಿನ ಬಣ್ಣ ಹೊತ್ತಿಗೊಂದಾಗಿ ಬದಲಾಗುವುದು ಕಂಡಿತು. ಒಂಬತ್ತು ದಿನ ಪಕ್ಕದಲ್ಲೇ ಇದ್ದ ಸಮುದ್ರವನ್ನು ಅವನು ಮೊದಲ ಸಲ ನೋಡಿದ್ದು ಆಗ. ನಾಲ್ಕನೆಯ ದಿನ ಹಗಲಲ್ಲೇ ನಿದ್ದೆ ಬಂತು. ಕೈ ಲಾಳಿ ಎಸೆಯದ ನಿದ್ದೆ.

ಅಲ್ಲಿರುವುದಕ್ಕೆ ಅವನಿಗೆ ಖರ್ಚೇನೂ ಬರಲಿಲ್ಲ. ಒರತೆಯ ನೀರು, ಮರದ ನೆರಳು ಯಾರದೂ ಅಲ್ಲ. ರೊಟ್ಟಿ ಮುಗಿದ ಮೇಲೆ ಮುದುಕಿ ಗಂಜಿಯಲ್ಲಿ ಪಾಲು ಕೊಟ್ಟಳು. ಅವನು ಅವಳ ಗುಡಿಸಲಿಗೆ ನೀರು ಹೊತ್ತ, ಹರಿದ ಬುಟ್ಟಿಗೆ ಕಣ್ಣು ಹೆಣೆದ. ಅಷ್ಟು ಕೆಲಸ ಮುಗಿಸಿ ಮತ್ತೆ ಬಂದು ಕೂತ. ಹೀಗೆ ಎಂಟು ದಿನ ಕಳೆದವು. ಕೆಮ್ಮು ಇಳಿಯಿತು. ಅಂಗಾಲಿನ ಹುಣ್ಣು ಒಣಗಿತು.

ಹದಿನೆಂಟನೆಯ ದಿನ ಮುದುಕಿಯ ಕಾಲು ಮುಟ್ಟಿ, ಗುಡ್ಡ ಹತ್ತಿ, ಬಸ್ಸು ಹಿಡಿದು ಊರಿಗೆ ಹೋದ. ಓಣಿಯ ನೇಕಾರರು ಅವನನ್ನು ಸುತ್ತುವರಿದು ಕೇಳಿದರು. ತುದಿ ಮುಟ್ಟಿದೆಯಾ? ಇಲ್ಲ, ಅರ್ಧಕ್ಕೆ ನಿಂತೆ ಎಂದ. ಅವರು ಬಿದ್ದು ಬಿದ್ದು ನಕ್ಕರು. ಈ ಸಲ ಆ ನಗು ಅವನಿಗೆ ನಾಟಲಿಲ್ಲ. ಮಗ್ಗಕ್ಕೆ ಕೂತ. ಮೊದಲಿಗಿಂತ ನಿಧಾನವಾಗಿ ನೇಯ್ದ, ಮೊದಲಿಗಿಂತ ಚೆನ್ನಾಗಿ ನೇಯ್ದ. ಸಂಜೆಯಾದಾಗ ಏಳುತ್ತಿದ್ದ.

ಮರುವರ್ಷ ರಜೆ ಕೇಳಿಕೊಂಡು ಅದೇ ಚೀಲ ಹೊತ್ತು ಅದೇ ತೀರಕ್ಕೆ ಹೋದ. ಮೂರು ದಿನ ಮರದ ಕೆಳಗಿದ್ದು, ಅಲ್ಲಿಂದ ತೆಂಕಣಕ್ಕೆ ನಡೆದ. ಅದರ ಮರುವರ್ಷ ಉಳಿದ ದಾರಿಯನ್ನು ನಡೆದ. ತುದಿ ಸಿಕ್ಕಿತು. ಆ ಸುದ್ದಿಯನ್ನು ಅವನು ಹೆಂಡತಿಗೆ ಮಾತ್ರ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಚಾಪೆಯ ಮೇಲೆ ಮೊಣಕೈ ಊರಿ ಎದ್ದ. "ಹಾಗಾದರೆ ಗುರುಗಳೇ, ಸಂಕಲ್ಪವನ್ನು ಬಿಟ್ಟದ್ದರಿಂದಲೇ ಅವನು ಉಳಿದ ಎಂದಾಯಿತಲ್ಲ!"

ಗುರುಗಳು ಚಾದರವನ್ನು ಅವನ ಎದೆಯವರೆಗೆ ಎಳೆದು ಹೊದಿಸಿದರು.

"ಅವನು ಈಜುವುದನ್ನು ಬಿಟ್ಟ ಮಗೂ, ದಡವನ್ನು ಬಿಟ್ಟನೇ?"