ಗೆಜ್ಜೆಯೂ ಪ್ರಮಾಣಪತ್ರವೂ

ನೃತ್ಯಶಾಲೆಯ ಆಫೀಸಿನ ಗೋಡೆಯ ಮೊಳೆಯೊಂದಕ್ಕೆ ಒಂದು ಜೊತೆ ಗೆಜ್ಜೆ ನೇತುಬಿದ್ದಿತ್ತು. ಅದನ್ನು ಕಟ್ಟಿ ಕುಣಿಯುತ್ತಿದ್ದ ಕುಮುದಿನಿ ಎರಡು ವರ್ಷದ ಹಿಂದೆ ಆ ಶಾಲೆಗೇ ನಿರ್ದೇಶಕಿಯಾದಳು. ಅಂದಿನಿಂದ ಗೆಜ್ಜೆ ಮೊಳೆಯಿಂದ ಇಳಿದಿರಲಿಲ್ಲ. ಒಂದು ದಿನ ಗಾಜು ಹಾಕಿಸಿಕೊಂಡ ಪ್ರಮಾಣಪತ್ರವೊಂದು ಬಂದು ಪಕ್ಕದ ಮೊಳೆ ಹಿಡಿಯಿತು.

“ಯಾರಯ್ಯಾ ನೀನು?” ಎಂದು ಗೆಜ್ಜೆ ಕೇಳಿತು.

“ಕಲಾಸಂಸ್ಥೆಗಳನ್ನು ನಡೆಸುವವರಿಗೆ ಮೂರು ದಿನ ತರಬೇತಿ ಇತ್ತು. ನಿಮ್ಮ ನಿರ್ದೇಶಕರು ಅದನ್ನು ಮುಗಿಸಿದ್ದಕ್ಕೆ ನಾನೇ ಸಾಕ್ಷಿ. ತಂಡ ಕಟ್ಟುವುದು, ಕೆಲಸ ಹಂಚುವುದು, ಸಭೆ ನಡೆಸುವುದು, ಎಲ್ಲವನ್ನೂ ಕಲಿತರು.”

“ಕುಣಿದಳೇ?”

“ಅದು ಪಾಠದಲ್ಲಿರಲಿಲ್ಲ.” ಪ್ರಮಾಣಪತ್ರ ಸ್ವಲ್ಪ ಯೋಚಿಸಿತು. “ಆದರೆ ಹಂಚಬೇಕಿದ್ದ ಪ್ರಮಾಣಪತ್ರಗಳ ಕಟ್ಟಿನಲ್ಲಿ ನಮ್ಮನ್ನೆಲ್ಲ ಮೇಜಿನ ಕೆಳಗೆ ಇಟ್ಟಿದ್ದರು. ಅಲ್ಲಿಂದ ಎಲ್ಲರ ಕಾಲುಗಳಷ್ಟೇ ಕಾಣುತ್ತಿದ್ದವು. ನಿಮ್ಮ ನಿರ್ದೇಶಕರ ಬಲಗಾಲು ಮಾತ್ರ ಮೂರು ದಿನವೂ ಸುಮ್ಮನಿರಲಿಲ್ಲ. ಮೂರು ಸಲ ತಟ್ಟುತ್ತಿತ್ತು, ಆಮೇಲೆ ನಾಲ್ಕು ಸಲ, ಮತ್ತೆ ಮೂರು.”

ಗಾಳಿ ಇಲ್ಲದೆಯೂ ಗೆಜ್ಜೆ ಘಲ್ಲೆಂದಿತು. “ತಕಿಟ ತಕಧಿಮಿ! ನಾವು ಕಡೆಯ ಸಲ ರಂಗದ ಮೇಲೆ ಕುಣಿದ ತಾಳ ಅದು. ಎಲ್ಲಿಗೆ ನಿಲ್ಲಿಸಿದಳು, ಹೇಳು.”

“ಕೊನೆಯ ದಿನ ತರಬೇತುದಾರರು ಅವರನ್ನು ಏನೋ ಪ್ರಶ್ನೆ ಕೇಳಿದರು. ಮೂರು ತಟ್ಟಿದ್ದ ಕಾಲು ಅಲ್ಲಿಗೇ ನಿಂತಿತು.”

“ಹಾಗಾದರೆ ಇನ್ನೂ ನಾಲ್ಕು ಬಾಕಿ ಇವೆ” ಎಂದಿತು ಗೆಜ್ಜೆ.

ಅಷ್ಟರಲ್ಲಿ ಬಾಗಿಲಾಚೆ ಕುಮುದಿನಿಯ ಚಪ್ಪಲಿಯ ಸದ್ದು ಕೇಳಿತು. ಗೆಜ್ಜೆ ಉಸಿರು ಬಿಗಿಹಿಡಿದು ಆ ಹೆಜ್ಜೆಗಳನ್ನು ಎಣಿಸತೊಡಗಿತು.