ಕೆಂಚನ ನೀಲಿ ನಾಲಿಗೆ

ಹೊಳೆಯಂಚಿನ ಕಾಡಿನಲ್ಲೊಂದು ಮುದಿ ಮರ. ಅದರ ಪೊಟರೆಯೊಳಗೆ ತಾಯಿ ಮಂಗಟ್ಟೆ ಹಕ್ಕಿಯೊಬ್ಬಳು ಎರಡು ಮರಿಗಳೊಡನೆ ಕೂತಿದ್ದಳು. ಮಕ್ಕಳೇ, ಮಂಗಟ್ಟೆಗಳ ಸಂಸಾರದ ರೀತಿಯೇ ಬೇರೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆ ಸೇರಿ ಬಾಗಿಲನ್ನು ಮಣ್ಣಿನಿಂದ ಮೆತ್ತಿ ಮುಚ್ಚಿಬಿಡುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ರೆಕ್ಕೆಯ ಗರಿಗಳೂ ಉದುರುತ್ತವೆ. ಗಂಡು ತಂದುಕೊಟ್ಟರೆ ಊಟ, ಇಲ್ಲದಿದ್ದರೆ ಇಲ್ಲ.

ಹೀಗಿರುವಾಗ ಗಾಳಿಗೆ ಮುರಿದ ಕೊಂಬೆ ಬಡಿದು ಗಂಡಿನ ರೆಕ್ಕೆಗೆ ಪೆಟ್ಟಾಯಿತು. ವಾಸಿಯಾಗುವವರೆಗೆ ಅವನು ಬಿದಿರುಮೆಳೆಯಲ್ಲಿ ಅಡಗಿರಬೇಕಾಯಿತು. ಹೋಗುವ ಮುನ್ನ ಪಕ್ಕದ ಮರದ ಅಳಿಲು ಕೆಂಚನನ್ನು ಕರೆದ.

“ಕೆಂಚ, ನಾನು ಕಾದ ನೇರಳೆ ಮರ ಇನ್ನು ನಿನ್ನ ವಶಕ್ಕೆ. ನೀನೂ ಹೊಟ್ಟೆ ತುಂಬ ತಿನ್ನು. ಆದರೆ ಹೊತ್ತುಹೊತ್ತಿಗೆ ಮೊದಲು ಪೊಟರೆಗೆ ಮುಟ್ಟಿಸು.”

“ಅಯ್ಯೋ, ಅದನ್ನೂ ಹೇಳಬೇಕೇ ಭಾವ? ಹದ್ದು ಬಂದಾಗೆಲ್ಲ ಕೂಗಿ ನನ್ನ ಜೀವ ಉಳಿಸುವವಳು ಅಕ್ಕನೇ ಅಲ್ಲವೇ?”

ಅದು ನಿಜವೇ. ಸೀಳಿನಿಂದ ಆಕಾಶ ನೋಡುತ್ತ ಕೂತವಳು ಹದ್ದು ಕಂಡರೆ ಸಾಕು, ಕಾಡೆಲ್ಲ ಕೇಳುವಂತೆ ಅರಚುತ್ತಿದ್ದಳು.

ಮೊದಮೊದಲು ಒಳ್ಳೆಯ ಹಣ್ಣು ಬಂತು. ಆಮೇಲೆ ಸಣ್ಣವು, ಆಮೇಲೆ ಹುಳ ಹಿಡಿದವು. ಭಾವ ಬರುವುದು ಇನ್ನೂ ತಡವೆಂದು ಕೆಂಚ ನೆಂಟರಿಷ್ಟರನ್ನೆಲ್ಲ ಕರೆದು ಔತಣ ಹೂಡಿದ. ಯಜಮಾನ ತಡಮಾಡುತ್ತಾನೆಂದು ತಿಂದು ಕುಡಿದು ಮೆರೆದ, ಮನೆ ನೋಡಿಕೊಳ್ಳುವ ಮನೆವಾರ್ತೆಯವನ ಸಂಗತಿಯನ್ನು ಭಾನುವಾರದ ಬೈಬಲ್ ಪಾಠದಲ್ಲಿ ಕೇಳಿದ್ದೀರಲ್ಲ? ಇವನು ಅವನ ಒಡಹುಟ್ಟಿದ ತಮ್ಮ! ನಾಚಿಕೆಗೆಟ್ಟವನು!

“ಲೋ ಕೆಂಚ! ಮರಿಗಳು ಬಾಯಿ ಬಿಡುತ್ತಿವೆ. ನಮ್ಮ ಹಣ್ಣು ಎಲ್ಲೋ?”

“ಮರ ಹಣ್ಣೇ ಬಿಟ್ಟಿಲ್ಲ ಅಕ್ಕ. ನಾನೂ ಉಪವಾಸ.”

“ಥೂ, ಸುಳ್ಳ! ನಾಲಿಗೆಯೆಲ್ಲ ನೀಲಿಯಾಗಿದೆ, ಉಪವಾಸವಂತೆ!”

ಕೆಂಚ ಬಾಯಿ ಮುಚ್ಚಿಕೊಂಡು ಓಡಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗೋಡೆ ಒಡೆದು ಹೋಗಿ ಅವನ ಬಾಲ ಹಿಡಿದು ಎಳೆಯೋಣವೆನಿಸಿತು. ಆದರೆ ಒಡೆದರೆ ಹಾವು ನುಗ್ಗಿ ಮರಿಗಳನ್ನು ನುಂಗುತ್ತದೆ, ಒಡೆಯದಿದ್ದರೆ ಅವು ಹಸಿದು ಸಾಯುತ್ತವೆ. ಅವನು ಆಗೊಮ್ಮೆ ಈಗೊಮ್ಮೆ ಎಸೆದ ಚೂರುಪಾರನ್ನೆಲ್ಲ ಮರಿಗಳಿಗೇ ಕೊಟ್ಟು ತಾನು ಹಸಿದು ಕೂತಳು. ದಿನದಿನಕ್ಕೆ ಬಯ್ಯಲೂ ತ್ರಾಣವಿಲ್ಲದಾಯಿತು.

ಕೊನೆಗೊಂದು ಬೆಳಿಗ್ಗೆ ದೂರದಲ್ಲಿ ಗಂಡಿನ ರೆಕ್ಕೆಯ ಸದ್ದು ಕೇಳಿತು. ಭಾವನ ಕಣ್ಣಿಗೆ ಸಾಚಾ ಕಾಣಬೇಕೆಂದು ಕೆಂಚ ಬಾಯಿ ತುಂಬ ನೇರಳೆ ತುರುಕಿಕೊಂಡು, ಎಲೆಯಿಲ್ಲದ ಕೊಂಬೆಯ ಮೇಲೆ ಪೊಟರೆಯ ಕಡೆ ಓಡಿದ. ನಡುದಾರಿಯಲ್ಲಿ ಮೇಲೊಂದು ಹದ್ದು ಸುತ್ತುತ್ತಿತ್ತು. ಅವನು ತಲೆಯೆತ್ತಲೇ ಇಲ್ಲ.

ಅವಳು ನೋಡಿದಳು. ಹೊಟ್ಟೆಯಲ್ಲಿ ಎಷ್ಟೇ ಸಿಟ್ಟಿದ್ದರೂ ಕೂಗಲೆಂದು ಬಾಯಿ ತೆರೆದಳು. ಗಂಟಲಿನಿಂದ ಉಸಿರು ಬಂತೇ ಹೊರತು ದನಿ ಬರಲಿಲ್ಲ.

ಹದ್ದು ಎರಗಿತು. ಕೆಂಚ ಹೇಗೋ ಬಿರುಕೊಂದರಲ್ಲಿ ನುಸುಳಿ ಬದುಕಿದ, ಬಾಲ ಮಾತ್ರ ಹದ್ದಿನ ಉಗುರಿನಲ್ಲಿ ಹೋಯಿತು.

ಗಂಡು ಬಂದು ಮರಿಗಳಿಗೆ ಉಣಿಸಿದ. ಅವಳೂ ಎರಡು ಹಣ್ಣು ನುಂಗಿದಳು. ಆಗ ಕೆಂಚ ನರಳುತ್ತ ಕೇಳಿದ: “ಕಂಡೂ ಯಾಕೆ ಕೂಗಲಿಲ್ಲ ಅಕ್ಕ? ಹಗೆ ತೀರಿಸಿಕೊಂಡೆಯಾ?”

“ಅಕ್ಕ ಗಿಕ್ಕ ಅನ್ನಬೇಡ! ಕೂಗಲೆಂದೇ ಬಾಯಿ ತೆರೆದೆ. ನನ್ನ ಊಟದ ಜೊತೆ ನನ್ನ ದನಿಯನ್ನೂ ನೀನೇ ತಿಂದುಬಿಟ್ಟಿದ್ದೆ. ತೊಲಗಿಲ್ಲಿಂದ!”

ಮೊಂಡುಬಾಲದ ಕೆಂಚ ಇಳಿದುಹೋದ. ಔತಣ ಉಂಡ ನೆಂಟರಲ್ಲಿ ಒಬ್ಬರೂ ಅವನನ್ನು ಒಳಗೆ ಕರೆಯಲಿಲ್ಲ.

ನೀತಿ: ಒಪ್ಪಿಸಿದವರು ಎದುರಿಗಿಲ್ಲದಾಗಲೂ ಅವರವರ ಪಾಲನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವವನೇ ನಂಬಿಗಸ್ತ, ಆ ಪಾಲನ್ನು ನುಂಗಿದವನು ತನ್ನನ್ನು ಕಾಯುವವರನ್ನೇ ಕಳೆದುಕೊಳ್ಳುತ್ತಾನೆ.