ಮುಚ್ಚಳ ತೆಗೆದವರು

ಸಹಕಾರ ಸಂಘದ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ಮ್ಯಾನೇಜರ್ ಶೇಷಗಿರಿ ಗುಮಾಸ್ತೆ ಕಮಲಾಕ್ಷಿಯ ಮೇಲೆ ಗುಡುಗಿದರು. "ವೈರಸ್ ಇದ್ದ ಆ ಫೈಲು ತೆರೆದಿದ್ದು ಯಾರು? ನಾಳೆಯೊಳಗೆ ಹೆಸರು ಹೇಳಿ, ಇಲ್ಲಾಂದ್ರೆ ಮನೆಗೆ ನಡೀರಿ!"

"ಯಾರೂ ತೆರೆದಿಲ್ಲ ಸಾರ್. ಪರೀಕ್ಷೆ ಮಾಡೋಕೆ ಅಂತ ಆಂಟಿವೈರಸ್ಸೇ ತೆರೆದಿದೆ."

"ಬೇಲೀನೇ ಎದ್ದು ಹೊಲ ಮೇಯುತ್ತೇನ್ರೀ?"

ಮಧ್ಯಾಹ್ನ ಎಲ್ಲರ ಊಟದ ಡಬ್ಬಿ ತೆರೆದು 'ತಪಾಸಣೆ' ಮಾಡುವುದು ಸಾಹೇಬರ ವಾಡಿಕೆ. ಮರುದಿನ ಕಮಲಾಕ್ಷಿಯ ಡಬ್ಬಿಗೂ ಬೆರಳಿಟ್ಟು ನೆಕ್ಕಿದರು. ಸೂಜಿಮೆಣಸಿನ ಚಟ್ನಿ! ಕಣ್ಣು, ಮೂಗಲ್ಲೆಲ್ಲ ನೀರಿಳಿಯಿತು.

"ಡಬ್ಬಿ ಮುಚ್ಚೇ ಇತ್ತು ಸಾರ್. ತಪಾಸಣೆಗೆ ಅಂತ ತೆರೆದವರಿಗೇ ಖಾರ ಹತ್ತಿತು. ಆಂಟಿವೈರಸ್ಸಿಗೂ ಆಗಿದ್ದು ಇದೇ."

ಸಾಹೇಬರು ಉಸ್ಸುಸ್ಸೆನ್ನುತ್ತಲೇ ನಕ್ಕರು. "ಒಪ್ಪಿದೆ ಕಣಮ್ಮಾ! ಈಗೇನು ಪರಿಹಾರ?"

"ಆಂಟಿವೈರಸ್ಸಿಗೆ ಅಪ್‌ಡೇಟ್ ಹಾಕಿದ್ದೀನಿ ಸಾರ್. ನಿಮಗೆ ಮಜ್ಜಿಗೆ ತಂದಿದ್ದೀನಿ."